ಪ್ಯಾರಿಸ್ಸಿನ ಹೊಯ್ಗೆ ಗುಂಡಿಯಲ್ಲಿ ನಮ್ಮ ಅಂಜು



ಮೂವತ್ತು ವರ್ಷಗಳಿಗೂ ಮಿಕ್ಕಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಲೆಕ್ಕ ಬರೆದವನು ನಾನು. ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ. ಕಂಪ್ಯೂಟರ್ ಬರುವ ಮುಂಚೆ ಸಾಯಂಕಾಲದ ಹೊತ್ತಿಗೆ ಹತ್ತು ಪೈಸೆ ತಾಳೆಯಾಗದಿದ್ದರೆ ಅದನ್ನು ಹುಡುಕುತ್ತಾ ರಾತ್ರಿ ಎಂಟು ಗಂಟೆಯವರೆಗೆ ಕುಳಿತದ್ದುಂಟು. 'ಹತ್ತು ಪೈಸೆ ತಾನೇ, ಕಿಸೆಯಿಂದ ಹಾಕಿಬಿಡಿ ಮಾರಾಯ್ರೇ' ಎಂದು ಹೊರಗಿನವರು ನಗುತ್ತಿದ್ದರು. ಹಾಗೆ ಹಾಕುವಂತಿಲ್ಲ. ತಪ್ಪು ಎಲ್ಲಿ ಆಗಿದೆಯೋ ಅಲ್ಲಿಯೇ ಅದನ್ನು ಹಿಡಿಯಬೇಕು.

ಆಟೋಟಗಳ ಪೈಕಿ ನನಗೆ ಉದ್ದಜಿಗಿತ ಹಿಡಿಸಿದ್ದು ಬಹುಶಃ ಇದೇ ಕಾರಣಕ್ಕೆ. ಅಲ್ಲಿಯೂ ಎಲ್ಲವೂ ಲೆಕ್ಕ. ಒಂದು ಸೆಂಟಿಮೀಟರಿನಲ್ಲಿ ಪದಕ ಬರುತ್ತದೆ, ಒಂದು ಸೆಂಟಿಮೀಟರಿನಲ್ಲಿ ಹೋಗುತ್ತದೆ. ಇವತ್ತು ನಾನು ಹೇಳಹೊರಟಿರುವುದು 2003ನೇ ಇಸವಿ ಆಗಸ್ಟ್ 30ರಂದು ಪ್ಯಾರಿಸ್ಸಿನ ಬಳಿ ನಡೆದ ಮಹಿಳೆಯರ ಉದ್ದಜಿಗಿತ ಸ್ಪರ್ಧೆಯ ಚರಿತ್ರೆಯನ್ನು. ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ನನ್ನ ಮನೆಯ ಕಾರಣವೊಂದು ಕೂಡ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಜಿಗಿತ ಎಂದರೇನು, ಅದನ್ನು ಅಳೆಯುವುದು ಹೇಗೆ ಎಂಬುದನ್ನು ನೋಡೋಣ. ಮಳೆಗಾಲದಲ್ಲಿ ತೋಡು ದಾಟಿದ ನಮ್ಮ ಕಡೆಯ ಮಕ್ಕಳಿಗೆಲ್ಲ ಜಿಗಿತ ಗೊತ್ತೇ ಇದೆ. ಆದರೆ ಸ್ಪರ್ಧೆಯ ಜಿಗಿತಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ನಲವತ್ತು ಮೀಟರಿಗೆ ಕಡಿಮೆಯಿಲ್ಲದ ಓಟದ ಹಾದಿ. ಅದರ ಕೊನೆಯಲ್ಲಿ ಇಪ್ಪತ್ತು ಸೆಂಟಿಮೀಟರ್ ಅಗಲದ ಬಿಳಿಯ ಹಲಗೆ. ಅದರಾಚೆ ಹೊಯ್ಗೆ ತುಂಬಿದ ಗುಂಡಿ. ನಮ್ಮ ಕಡೆ ಮರಳಿಗೆ ಹೊಯ್ಗೆ ಎನ್ನುತ್ತೇವಷ್ಟೆ. ಓಡಿ ಬಂದವಳು ಹಲಗೆಯ ಮೇಲೆ ಕಾಲೂರಿ ಹಾರಬೇಕು. ಕಾಲು ಹಲಗೆಯ ಗೆರೆಯನ್ನು ಕೂದಲೆಳೆಯಷ್ಟು ದಾಟಿದರೂ ಕೆಂಪು ಬಾವುಟ ಏಳುತ್ತದೆ, ಆ ಜಿಗಿತ ಲೆಕ್ಕಕ್ಕಿಲ್ಲ. ಗೆರೆಗಿಂತ ಒಂದು ಗೇಣು ಹಿಂದಿನಿಂದಲೇ ಹಾರಿದರೆ? ಆಗಲೂ ಅಳೆಯುವುದು ಗೆರೆಯಿಂದಲೇ. ಹಿಂದೆ ಬಿಟ್ಟ ಆ ಗೇಣು ಅವಳ ನಷ್ಟ. ಗುಂಡಿಯಲ್ಲಿ ಕಾಲು ಮುಂದೆ ಬಿದ್ದು ಕೈ ಹಿಂದೆ ತಗುಲಿದರೆ, ಕೈ ತಗುಲಿದ ಗುರುತಿನವರೆಗೆ ಮಾತ್ರ ಅಳತೆ. ಸೆಂಟಿಮೀಟರಿನ ಚಿಲ್ಲರೆಯನ್ನು ಬಿಟ್ಟು ಕೆಳಗಿನ ಪೂರ್ಣ ಅಂಕಿಯನ್ನೇ ಬರೆಯುತ್ತಾರೆ. ಬೆನ್ನ ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ ಎರಡು ಮೀಟರಿಗಿಂತ ಜೋರಾಗಿದ್ದರೆ ಆ ಜಿಗಿತವನ್ನು ದಾಖಲೆಯೆಂದು ಪರಿಗಣಿಸುವುದಿಲ್ಲ. ಅಂತಿಮ ಸುತ್ತಿನಲ್ಲಿ ಹನ್ನೆರಡು ಮಂದಿಗೆ ತಲಾ ಮೂರು ಅವಕಾಶ, ಅವರಲ್ಲಿ ಮೇಲಿನ ಎಂಟು ಮಂದಿಗೆ ಇನ್ನೂ ಮೂರು. ಪ್ಯಾರಿಸ್ಸಿನ ಸ್ಪರ್ಧೆ ನಡೆದದ್ದು ಈ ಕ್ರಮದಲ್ಲಿ.

ಈ ಹೊಯ್ಗೆ ಗುಂಡಿಯವರೆಗೆ ಬರಲು ಹೆಂಗಸರಿಗೆ ಬಹಳ ಕಾಲ ಹಿಡಿಯಿತು. 1896ರಲ್ಲಿ ಅಥೆನ್ಸಿನಲ್ಲಿ ಆಧುನಿಕ ಒಲಿಂಪಿಕ್ಸ್ ಆರಂಭವಾದಾಗಲೇ ಗಂಡಸರ ಉದ್ದಜಿಗಿತ ಇತ್ತು. ಹೆಂಗಸರಿಗೆ ಆಗ ಯಾವ ಸ್ಪರ್ಧೆಯೂ ಇರಲಿಲ್ಲ. 1928ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಹಿಳೆಯರ ಅಥ್ಲೆಟಿಕ್ಸ್‌ಗೆ ಬಾಗಿಲು ತೆರೆದರೂ ಐದೇ ಸ್ಪರ್ಧೆಗಳಿದ್ದವು, ಉದ್ದಜಿಗಿತ ಅದರಲ್ಲಿರಲಿಲ್ಲ. ಅದು ಸೇರಿದ್ದು 1948ರ ಲಂಡನ್ ಒಲಿಂಪಿಕ್ಸಿನಲ್ಲಿ. ಹಂಗೆರಿಯ ಓಲ್ಗಾ ಗ್ಯಾರ್ಮಾಟಿ 5 ಮೀಟರ್ 69 ಸೆಂಟಿಮೀಟರ್ ಚಿಲ್ಲರೆ ಹಾರಿ ಮೊದಲ ಚಿನ್ನ ಗೆದ್ದರು. ವಿಶೇಷವೆಂದರೆ, ಆಗಿನ ವಿಶ್ವದಾಖಲೆ 6.25 ಮೀಟರ್ ಇದ್ದದ್ದು ಹಾಲೆಂಡಿನ ಫ್ಯಾನಿ ಬ್ಲ್ಯಾಂಕರ್ಸ್ ಕೋಯೆನ್ ಹೆಸರಿನಲ್ಲಿ. ಎರಡು ಮಕ್ಕಳ ತಾಯಿಯಾದ ಆಕೆ ಅದೇ ಲಂಡನ್ನಿನಲ್ಲಿ ಓಟದ ಸ್ಪರ್ಧೆಗಳಲ್ಲೇ ನಾಲ್ಕು ಚಿನ್ನ ಗೆದ್ದರು, ಉದ್ದಜಿಗಿತಕ್ಕೆ ಇಳಿಯಲೇ ಇಲ್ಲ.

ಒಲಿಂಪಿಕ್ಸ್ ಅಲ್ಲದೆ ಅಥ್ಲೆಟಿಕ್ಸಿಗೇ ಮೀಸಲಾದ ವಿಶ್ವ ಚಾಂಪಿಯನ್‌ಷಿಪ್ ಮೊದಲ ಬಾರಿ ನಡೆದದ್ದು 1983ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ. ಆಗ ಮಹಿಳೆಯರ ಉದ್ದಜಿಗಿತ ಗೆದ್ದವಳು ಪೂರ್ವ ಜರ್ಮನಿಯ ಹದಿನೆಂಟು ವರ್ಷದ ಹುಡುಗಿ ಹೈಕೆ ಡಾಟೆ. ಮುಂದೆ ಹೈಕೆ ಡ್ರೆಕ್ಸ್ಲರ್ ಎಂದು ಪ್ರಸಿದ್ಧರಾದ ಅವರು 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಮೂವತ್ತೈದರ ಪ್ರಾಯದಲ್ಲಿಯೂ ಚಿನ್ನ ಗೆದ್ದರು. 1988ರ ಜೂನ್ ತಿಂಗಳಲ್ಲಿ ಸೋವಿಯತ್ ಒಕ್ಕೂಟದ ಗಲೀನಾ ಚಿಸ್ತ್ಯಕೋವಾ ಲೆನಿನ್‌ಗ್ರಾಡಿನಲ್ಲಿ ಹಾರಿದ 7.52 ಮೀಟರ್ ವಿಶ್ವದಾಖಲೆಯಾಗಿ ಮೂರು ದಶಕಗಳಿಗೂ ಹೆಚ್ಚು ಕಾಲ ನಿಂತಿತು.

ಈ ಹೆಸರುಗಳ ನಡುವೆ ನಮ್ಮ ದೇಶದ ಹೆಸರು ಎಲ್ಲಿತ್ತು? ಇರಲಿಲ್ಲ ಎಂದೇ ಹೇಳಬೇಕು. 1960ರಲ್ಲಿ ರೋಮಿನಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರಾದರು. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಪಿ. ಟಿ. ಉಷಾ 400 ಮೀಟರ್ ಹರ್ಡಲ್ಸಿನಲ್ಲಿ ಸೆಕೆಂಡಿನ ನೂರನೇ ಒಂದು ಪಾಲಿನಿಂದ ಕಂಚು ಕಳೆದುಕೊಂಡು ನಾಲ್ಕನೆಯವರಾದರು. ಆ ವಾರ ಕೇರಳದಲ್ಲಿ ಮಲಯಾಳ ಮಾತಾಡುವವರೂ ಕನ್ನಡ ಮಾತಾಡುವವರೂ ಒಟ್ಟಿಗೆ ನಿಟ್ಟುಸಿರು ಬಿಟ್ಟದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಎಂಟು ವಿಶ್ವ ಚಾಂಪಿಯನ್‌ಷಿಪ್‌ಗಳು ಕಳೆದರೂ ಭಾರತದ ಲೆಕ್ಕದಲ್ಲಿ ಒಂದು ಪದಕವೂ ಜಮೆಯಾಗಿರಲಿಲ್ಲ. ಒಂಬತ್ತನೆಯದು 2003ರ ಪ್ಯಾರಿಸ್.

ಅಲ್ಲಿಗೆ ಹೋದವರೇ ಅಂಜು ಬಾಬಿ ಜಾರ್ಜ್. ಹುಟ್ಟಿದ್ದು 1977ರ ಏಪ್ರಿಲ್ 19ರಂದು, ಕೋಟ್ಟಯಂ ಜಿಲ್ಲೆಯ ಚಂಙನಾಶ್ಶೇರಿ ಸಮೀಪದ ಚೀರಂಚಿರದಲ್ಲಿ. ತಂದೆಯದು ಪೀಠೋಪಕರಣಗಳ ವ್ಯಾಪಾರ. ಕೋರುತ್ತೋಡಿನ ಶಾಲೆಯಲ್ಲಿ ಓದುವಾಗ ಅಲ್ಲಿನ ತರಬೇತುದಾರ ಕೆ. ಪಿ. ಥಾಮಸ್ ಆಕೆಯನ್ನು ತಿದ್ದಿದರು. ನಂತರ ತ್ರಿಶೂರಿನ ವಿಮಲಾ ಕಾಲೇಜು. ಮೊದಲು ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್‌ನಲ್ಲಿ ಕೈಯಾಡಿಸಿ ಆಮೇಲೆ ಜಿಗಿತಕ್ಕೆ ನೆಲೆನಿಂತರು. 2000ದ ಸಿಡ್ನಿ ಒಲಿಂಪಿಕ್ಸ್ ಕಾಲಿನ ಹರಡಿನ ಪೆಟ್ಟಿನಿಂದಾಗಿ ತಪ್ಪಿಹೋಯಿತು.

ಇಲ್ಲಿ ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ಪೇರಾವೂರಿನ ಮಾತು ಬರುತ್ತದೆ. ವಾಲಿಬಾಲ್ ಆಟದಲ್ಲಿ ದೇಶಕ್ಕೇ ಹೆಸರಾಗಿ, 1987ರಲ್ಲಿ ಇಟಲಿಯಲ್ಲಿ ಅಪಘಾತದಲ್ಲಿ ತೀರಿಕೊಂಡ ಜಿಮ್ಮಿ ಜಾರ್ಜ್ ಅವರ ಊರು ಅದು. ಅವರ ತಮ್ಮ ರಾಬರ್ಟ್ ಬಾಬಿ ಜಾರ್ಜ್ ತ್ರಿವಿಧ ಜಿಗಿತದಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರು. ಅಂಜು ಅವರನ್ನು ಮದುವೆಯಾದ ಮೇಲೆ ಬಾಬಿ ತನ್ನ ಸ್ವಂತ ಆಟವನ್ನು ಬದಿಗಿಟ್ಟು ಹೆಂಡತಿಯ ತರಬೇತುದಾರರಾದರು. ಗಂಡನ ಏಳಿಗೆಗಾಗಿ ಹೆಂಡತಿ ತನ್ನದನ್ನು ಬಿಟ್ಟ ಕಥೆಗಳು ನಮ್ಮಲ್ಲಿ ಮನೆಗೊಂದು ಸಿಗುತ್ತವೆ. ಈ ಕಥೆ ತಿರುಗಿ ಬರೆದಂತಿದೆ.

ಫಲ ಬೇಗ ಕಂಡಿತು. 2002ರಲ್ಲಿ ಮ್ಯಾಂಚೆಸ್ಟರಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು, ಅದೇ ವರ್ಷ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. 2003ರಲ್ಲಿ ಮೈಕ್ ಪೊವೆಲ್ ಅವರ ಬಳಿಯೂ ತರಬೇತಿ ದೊರೆಯಿತು. ಇವರು 1991ರಲ್ಲಿ ಟೋಕಿಯೋದಲ್ಲಿ 8.95 ಮೀಟರ್ ಹಾರಿ ಪುರುಷರ ವಿಶ್ವದಾಖಲೆ ಬರೆದ ಅಮೆರಿಕದವರು.

ಇನ್ನು ಆಗಸ್ಟ್ 30ಕ್ಕೆ ಬರೋಣ. ಸ್ಥಳ, ಪ್ಯಾರಿಸ್ಸಿನ ಹೊರವಲಯದ ಸ್ಯಾಂ ಡೆನಿಯಲ್ಲಿರುವ ಸ್ಟಾಡ್ ದ ಫ್ರಾನ್ಸ್ ಎಂಬ ದೊಡ್ಡ ಕ್ರೀಡಾಂಗಣ. ಅಲ್ಲಿನ ಜನರಿಗೆಲ್ಲ ಬೇಕಾಗಿದ್ದವರು ಯೂನಿಸ್ ಬಾರ್ಬರ್. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ ಹುಟ್ಟಿ, 1999ರಲ್ಲಿ ಫ್ರಾನ್ಸಿನ ಪೌರತ್ವ ಪಡೆದು, ಅದೇ ವರ್ಷ ಹೆಪ್ಟಾಥ್ಲಾನ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಮಹಿಳೆ. ಪ್ಯಾರಿಸ್ಸಿನಲ್ಲಿ ಕೆಲವೇ ದಿನಗಳ ಹಿಂದೆ ಅದೇ ಹೆಪ್ಟಾಥ್ಲಾನ್‌ನಲ್ಲಿ ಎರಡನೆಯವರಾಗಿದ್ದರು. ಇನ್ನೊಬ್ಬರು ರಷ್ಯಾದ ತಾತ್ಯಾನಾ ಕೊತೋವಾ. ಇವರ ನಡುವೆ ಭಾರತದ ಅಂಜು.

ಅಂಜು ಮೊದಲ ಜಿಗಿತದಲ್ಲಿಯೇ 6.61 ಮೀಟರ್ ಹಾರಿ ಮೊದಲ ಸುತ್ತಿನ ಕೊನೆಗೆ ಎಲ್ಲರಿಗಿಂತ ಮುಂದಿದ್ದರು. ಆದರೆ ಸುತ್ತುಗಳು ಉರುಳಿದಂತೆ ಇತರರು ಅವರನ್ನು ದಾಟಿ ಹೋದರು. ಪದಕ ಕೈತಪ್ಪುವ ಹೊತ್ತಿಗೆ ಐದನೆಯ ಅವಕಾಶ ಬಂತು. ಆ ಜಿಗಿತ 6.70 ಮೀಟರ್! ನಮ್ಮ ಹಳೆಯ ಅಳತೆಯಲ್ಲಿ ಹದಿನಾಲ್ಕೂವರೆ ಮೊಳಕ್ಕಿಂತ ಚೂರು ಜಾಸ್ತಿ. ಮನೆಯಲ್ಲಿ ಐದೂವರೆ ಮೀಟರಿನ ಸೀರೆಯನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ ನೋಡಿ. ಆ ಸೀರೆಯನ್ನು ದಾಟಿ ಇನ್ನೂ ಎರಡೂವರೆ ಮೊಳ ಆಚೆ ಆಕೆಯ ಕಾಲು ಹೊಯ್ಗೆ ಮುಟ್ಟಿತು.

ಕೊನೆಯ ಸುತ್ತಿನವರೆಗೂ ಚಿನ್ನ ಯಾರದೆಂದು ತೀರ್ಮಾನವಾಗಿರಲಿಲ್ಲ. ಬಾರ್ಬರ್ ತನ್ನ ಕೊನೆಯ ಜಿಗಿತದಲ್ಲಿ 6.99 ಮೀಟರ್ ಹಾರಿ ತನ್ನ ಜನರೆದುರು ಚಿನ್ನ ಗೆದ್ದರು. ಕೊತೋವಾ 6.74 ಮೀಟರಿಗೆ ಬೆಳ್ಳಿ. ಅಂಜು 6.70ಕ್ಕೆ ಕಂಚು. ಬ್ರಿಟನ್ನಿನ ಜೇಡ್ ಜಾನ್ಸನ್ ನಾಲ್ಕನೆಯವರು. ಬೆಳ್ಳಿಗೂ ನಮ್ಮ ಕಂಚಿಗೂ ನಡುವೆ ಇದ್ದದ್ದು ನಾಲ್ಕು ಸೆಂಟಿಮೀಟರ್, ಅಂದರೆ ಎರಡು ಬೆರಳಿನ ಅಗಲ. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಭಾರತದ ಮೊತ್ತಮೊದಲ ಪದಕ ಅದು. ಎರಡನೆಯದು ಬರಲು ಹತ್ತೊಂಬತ್ತು ವರ್ಷ ಕಾಯಬೇಕಾಯಿತು. 2022ರಲ್ಲಿ ಅಮೆರಿಕದ ಯುಜೀನ್‌ನಲ್ಲಿ ನೀರಜ್ ಚೋಪ್ರಾ ಜಾವೆಲಿನ್ ಎಸೆತದಲ್ಲಿ ಬೆಳ್ಳಿ ಗೆದ್ದರು, ಮರುವರ್ಷ ಬುಡಾಪೆಸ್ಟಿನಲ್ಲಿ ಚಿನ್ನ.

ಓದುಗರೇ, ಕಥೆ ಇಲ್ಲಿಗೆ ಮುಗಿದಿದ್ದರೆ ಇದು ಬರೀ ಗೆಲುವಿನ ಸುದ್ದಿಯಾಗುತ್ತಿತ್ತು. ಮುಂದಿನ ವರ್ಷ, 2004ರಲ್ಲಿ, ಅಥೆನ್ಸ್ ಒಲಿಂಪಿಕ್ಸ್. ಅಲ್ಲಿ ಅಂಜು 6.83 ಮೀಟರ್ ಹಾರಿದರು. ಪ್ಯಾರಿಸ್ಸಿಗಿಂತ ಹದಿಮೂರು ಸೆಂಟಿಮೀಟರ್ ಹೆಚ್ಚು. ಇದೇ ಜಿಗಿತವನ್ನು ಪ್ಯಾರಿಸ್ಸಿನಲ್ಲಿ ಹಾರಿದ್ದರೆ ಬೆಳ್ಳಿ ಸಿಗುತ್ತಿತ್ತು. ಆದರೆ ಅಥೆನ್ಸಿನಲ್ಲಿ ಸಿಕ್ಕಿದ್ದು ಆರನೇ ಸ್ಥಾನ. ಅಂದು ಮೊದಲ ಮೂವರೂ ರಷ್ಯಾದವರು. ತಾತ್ಯಾನಾ ಲೆಬೆಡೆವಾ 7.07, ಇರೀನಾ ಸಿಮಾಗಿನಾ ಮತ್ತು ಕೊತೋವಾ ಇಬ್ಬರೂ 7.05. ಜೀವಮಾನದ ಶ್ರೇಷ್ಠ ಜಿಗಿತಕ್ಕೆ ಪದಕವಿಲ್ಲ. ಆ 6.83 ಮಾತ್ರ ಭಾರತದ ದಾಖಲೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೂ, 2024ರಲ್ಲಿಯೂ, ಉಳಿದಿತ್ತು.

ಅಂದು ಐದನೆಯವರಾಗಿದ್ದವರು ಅಮೆರಿಕದ ಮರಿಯನ್ ಜೋನ್ಸ್. ನಿಷೇಧಿತ ಮದ್ದು ಸೇವಿಸಿದ್ದನ್ನು ಆಕೆ 2007ರಲ್ಲಿ ಒಪ್ಪಿಕೊಂಡರು. ಆಕೆಯ ಫಲಿತಾಂಶವನ್ನು ತೆಗೆದುಹಾಕಿದಾಗ ಅಂಜು ಐದನೆಯವರಾದರು. 2005ರ ಸೆಪ್ಟೆಂಬರಿನಲ್ಲಿ ಮೊನಾಕೊದಲ್ಲಿ ವಿಶ್ವ ಅಥ್ಲೆಟಿಕ್ಸ್ ಫೈನಲ್ ಎಂಬ ಕೂಟ ನಡೆಯಿತು. ಅಲ್ಲಿ ಅಂಜು 6.75 ಮೀಟರ್ ಹಾರಿ ಎರಡನೆಯವರಾದರು, ಮೊದಲನೆಯವರು ಕೊತೋವಾ. ಅದಕ್ಕೆ ಒಂದು ತಿಂಗಳ ಮುಂಚೆ ಹೆಲ್ಸಿಂಕಿಯ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕೊತೋವಾ ಅವರಿಂದ ತೆಗೆದಿಟ್ಟಿದ್ದ ಮಾದರಿಯನ್ನು ಎಷ್ಟೋ ವರ್ಷಗಳ ನಂತರ ಹೊಸ ವಿಧಾನದಲ್ಲಿ ಪುನಃ ಪರೀಕ್ಷಿಸಲಾಯಿತು. ಅದರಲ್ಲಿ ನಿಷೇಧಿತ ಮದ್ದಿನ ಅಂಶ ಇದ್ದದ್ದು 2013ರಲ್ಲಿ ಬಯಲಾಯಿತು. ಮೊನಾಕೊದ ಚಿನ್ನ ಅಂಜು ಅವರದೆಂದು 2014ರಲ್ಲಿ ಸುದ್ದಿ ಬಂತು. ಹಾರಿದ್ದು 2005ರಲ್ಲಿ, ಚಿನ್ನವಾದದ್ದು 2014ರಲ್ಲಿ!

ಬ್ಯಾಂಕಿನಲ್ಲಿ ನಮಗೆ ಹಿರಿಯ ಗುಮಾಸ್ತರು ಕಲಿಸಿದ ಮೊದಲ ಪಾಠ ಇದು. ತಪ್ಪು ಬರೆದದ್ದನ್ನು ಕೆರೆದು ಅಳಿಸಬಾರದು. ತಪ್ಪು ತಿಳಿದ ದಿನ, ಎಷ್ಟೇ ತಡವಾಗಿರಲಿ, ಅದಕ್ಕೆ ಎದುರಾಗಿ ಇನ್ನೊಂದು ನಮೂದು ಬರೆದು ಲೆಕ್ಕ ಸರಿಪಡಿಸಬೇಕು. ಕ್ರೀಡೆಯ ಪುಸ್ತಕದಲ್ಲಿಯೂ ಇಂಥ ಎದುರು ನಮೂದು ಬಿತ್ತಲ್ಲ ಎಂದು ನನಗೆ ಸಮಾಧಾನವಾಯಿತು. ಆದರೆ ಪೂರ್ತಿ ಸಮಾಧಾನವಲ್ಲ. ಅಂದು ಕ್ರೀಡಾಂಗಣದಲ್ಲಿ ಮೊದಲ ಮೆಟ್ಟಿಲ ಮೇಲೆ ನಿಂತು ರಾಷ್ಟ್ರಗೀತೆ ಕೇಳುವ ಆ ಕ್ಷಣವನ್ನು ಯಾವ ಎದುರು ನಮೂದೂ ಹಿಂದಕ್ಕೆ ಕೊಡಲಾರದು.

ಅಂಜು ಅವರ ಲೆಕ್ಕದಲ್ಲಿ ಸೋಲುಗಳೂ ಇವೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಮೂರಕ್ಕೆ ಮೂರು ಜಿಗಿತವೂ ಫೌಲ್. ಅಂಕಿಯೇ ಇಲ್ಲದೆ ಹಿಂದಿರುಗಿದರು. ಇನ್ನೊಂದು ಸಂಗತಿ ನಮಗೆಲ್ಲ ತಿಳಿದದ್ದು 2020ರ ಡಿಸೆಂಬರಿನಲ್ಲಿ, ಅವರೇ ಬಹಿರಂಗವಾಗಿ ಹೇಳಿದಾಗ. ಅವರ ದೇಹದಲ್ಲಿ ಇರುವುದು ಒಂದೇ ಮೂತ್ರಪಿಂಡವಂತೆ. ನೋವಿನ ಮಾತ್ರೆ ನುಂಗಿದರೆ ಅಲರ್ಜಿಯಂತೆ. ಅದನ್ನು ಹೊತ್ತುಕೊಂಡೇ ಅವರು ಅಷ್ಟು ವರ್ಷ ಓಡಿ ಹಾರಿದ್ದರು. ಒಂದು ಕಡೆ ಮದ್ದು ಸೇವಿಸಿ ಹಾರಿದವರು, ಇನ್ನೊಂದು ಕಡೆ ನೋವಿನ ಮಾತ್ರೆಯನ್ನೂ ನುಂಗಲಾಗದೆ ಹಾರಿದವಳು. ಇವರಿಬ್ಬರನ್ನೂ ಒಂದೇ ಟೇಪಿನಿಂದ ಅಳೆದದ್ದು!

ಈಗ ಅಂಜು ಮತ್ತು ಬಾಬಿ ದಂಪತಿಗಳ ಕಾರ್ಯಕ್ಷೇತ್ರ ನಮ್ಮ ಬೆಂಗಳೂರು. ಅಲ್ಲಿ ತರಬೇತಿ ಸಂಸ್ಥೆ ಕಟ್ಟಿ ಹುಡುಗಿಯರನ್ನು ಬೆಳೆಸಿದರು. ಅವರಲ್ಲೊಬ್ಬಳು ಉತ್ತರಪ್ರದೇಶದ ಝಾನ್ಸಿಯ ಶೈಲಿ ಸಿಂಗ್, ತಾಯಿಯೊಬ್ಬಳೇ ಹೊಲಿಗೆ ಕೆಲಸ ಮಾಡಿ ಸಾಕಿದ ಮಗು. 2021ರ ಆಗಸ್ಟಿನಲ್ಲಿ ನೈರೋಬಿಯಲ್ಲಿ ನಡೆದ ಇಪ್ಪತ್ತು ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಹದಿನೇಳರ ಶೈಲಿ 6.59 ಮೀಟರ್ ಹಾರಿದಳು. ಸ್ವೀಡನ್ನಿನ ಮಾಯಾ ಆಸ್ಕಾಗ್ 6.60. ಒಂದೇ ಒಂದು ಸೆಂಟಿಮೀಟರಿನಿಂದ ಬೆಳ್ಳಿ. 2023ರಲ್ಲಿ ಬೆಂಗಳೂರಿನಲ್ಲಿ ಆಕೆ 6.76 ಮೀಟರ್ ಹಾರಿ, ಗುರುವಿನ ಪ್ಯಾರಿಸ್ ಅಂಕಿಯನ್ನು ದಾಟಿದಳು. ಹೆಣ್ಣುಮಕ್ಕಳನ್ನು ಕ್ರೀಡೆಯಲ್ಲಿ ಬೆಳೆಸಿದ್ದಕ್ಕಾಗಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2021ರಲ್ಲಿ ಅಂಜು ಅವರಿಗೆ ವರ್ಷದ ಮಹಿಳೆ ಪ್ರಶಸ್ತಿ ನೀಡಿತು.

ಇನ್ನು ನನ್ನ ಮನೆಯ ಕಾರಣ ಹೇಳಿ ಮುಗಿಸುತ್ತೇನೆ.

ಪ್ಯಾರಿಸ್ ಸುದ್ದಿ ಬಂದ ವಾರ ನಾನು ಬ್ಯಾಂಕಿನಲ್ಲಿ ಬಂದವರಿಗೆಲ್ಲ ಅಂಜು ಕಥೆ ಹೇಳಿದೆ. ಕನ್ನಡ ಪತ್ರಿಕೆಯ ಚಿತ್ರವನ್ನೂ ಮಲಯಾಳ ಪತ್ರಿಕೆಯ ಚಿತ್ರವನ್ನೂ ಕತ್ತರಿಸಿ ಮೇಜಿನ ಗಾಜಿನಡಿ ಇಟ್ಟೆ. 'ಹೆಣ್ಣುಮಕ್ಕಳೆಂದರೆ ಹೀಗಿರಬೇಕು' ಎಂದೆ. ನನ್ನ ಮಗಳಿಗೆ ಆಗ ಹದಿಮೂರು ವರ್ಷ, ಎಂಟನೇ ತರಗತಿ. ಅದೇ ಮಳೆಗಾಲ ಕಳೆದು ಶಾಲೆಯ ಆಟೋಟದಲ್ಲಿ ಅವಳು ಉದ್ದಜಿಗಿತದಲ್ಲಿ ಮೊದಲನೆಯವಳಾದಳು. ಆಟದ ಮೇಷ್ಟ್ರು ಮನೆಗೇ ಬಂದು, ಮುಂದಿನ ಹಂತಕ್ಕೆ ಎರಡು ದಿನ ಹೊರಗೆ ಉಳಿಯಬೇಕಾಗುತ್ತದೆ, ಕಳಿಸಿಕೊಡಿ ಎಂದು ಕೇಳಿದರು. ನಾನು ಕಾಫಿ ಕೊಟ್ಟು, ಪರೀಕ್ಷೆ ಹತ್ತಿರ ಬಂತು ಎಂದೆ. ಬಿಸಿಲಿಗೆ ಹುಡುಗಿ ಕಪ್ಪಾಗುತ್ತಾಳೆ, ನಾಲ್ಕು ಜನ ಏನೆಂದಾರು ಎಂಬ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮನಸ್ಸಿನಲ್ಲಿದ್ದದ್ದು ಅದೇ. ಮೇಷ್ಟ್ರು ಕಾಫಿ ಕುಡಿದು ಹೋದರು. ಮಗಳು ಏನೂ ಹೇಳಲಿಲ್ಲ. ಗಾಜಿನಡಿಯ ಚಿತ್ರ ಮಾತ್ರ ನಾನು ನಿವೃತ್ತನಾಗುವವರೆಗೂ ಅಲ್ಲಿಯೇ ಇತ್ತು.

ಅವಳು ಪದಕ ಗೆಲ್ಲುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಬಹುಶಃ ಜಿಲ್ಲಾ ಮಟ್ಟದಲ್ಲಿಯೇ ಸೋತು ಬರುತ್ತಿದ್ದಳು. ಆದರೆ ಸೋಲುವ ಅವಕಾಶವನ್ನೂ ನಾನು ಕೊಡಲಿಲ್ಲ. ಅಂಜು ಅವರ ಹೆತ್ತವರೂ ನನ್ನ ಹಾಗೆ ಪರೀಕ್ಷೆಯ ನೆಪ ಹೇಳಿ ಮೇಷ್ಟ್ರನ್ನು ಕಳಿಸಿಬಿಟ್ಟಿದ್ದರೆ ಪ್ಯಾರಿಸ್ಸಿನ ಆ ಗುಂಡಿಯಲ್ಲಿ ಭಾರತದ ಹೆಜ್ಜೆ ಮೂಡುತ್ತಿರಲಿಲ್ಲ. ನಿಮ್ಮ ಮನೆಯ ಬಾಗಿಲಿಗೂ ಒಂದು ದಿನ ಹೀಗೆ ಒಬ್ಬ ಮೇಷ್ಟ್ರು ಬಂದರೆ, ದಯವಿಟ್ಟು ಕಾಫಿಯ ಜೊತೆಗೆ ಒಪ್ಪಿಗೆಯನ್ನೂ ಕೊಡಿ.

ಈ ಲೇಖನವನ್ನು ಬರೆದು ಮುಗಿಸಿದ ಮೇಲೆ ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಅಪ್ಪಾ, ನಾನು ಹಾರಿದ್ದು ಎಷ್ಟು ಎಂದು ಬರೆಯಲೇ ಇಲ್ಲವಲ್ಲ' ಎಂದಳು. ನನಗೆ ಗೊತ್ತಿರಲಿಲ್ಲ. ನಾನು ಅಂದು ಕೇಳಿಯೇ ಇರಲಿಲ್ಲ. ಅವಳಿಗೆ ನೆನಪಿತ್ತು. 4 ಮೀಟರ್ 42 ಸೆಂಟಿಮೀಟರ್.

ಇಷ್ಟು ವರ್ಷ ಯಾವ ಪುಸ್ತಕದಲ್ಲಿಯೂ ಇಲ್ಲದಿದ್ದ ಅಂಕಿ ಅದು. ಈಗ ಇಲ್ಲಿ ಬರೆದಿದ್ದೇನೆ.